ಒಂದು ಎಂಜಿನ್, ಎರಡು ಪ್ರೊಪೆಲರ್, ತಿರುಚಿದ ಒಂದು ಚೈನ್

ರೈಟ್ ಸಹೋದರರು ಅಂದ ಕೂಡಲೇ ನಮಗೆ ನೆನಪಾಗೋದು ರೆಕ್ಕೆಗಳು. ಇವತ್ತು ಅವರ ವಿಮಾನದ ಚೈನ್ ಬಗ್ಗೆ ಮಾತಾಡೋಣ.

1903ರ ಆ ವಿಮಾನ, ಫ್ಲೈಯರ್‌ಗೆ ಇದ್ದದ್ದು ಒಂದೇ ಎಂಜಿನ್. ಡೇಟನ್ ಊರಿನ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅದನ್ನು ಕಟ್ಟಿದ. ಶಕ್ತಿ ಸುಮಾರು 12 ಅಶ್ವಶಕ್ತಿ, ಇವತ್ತಿನ ಒಂದು ಸಾಧಾರಣ ಬೈಕಿನಷ್ಟು. ಅದರಲ್ಲಿ ಒಂದಿಷ್ಟೂ ಪೋಲಾಗುವ ಹಾಗಿಲ್ಲ. ದೊಡ್ಡ ಪ್ರೊಪೆಲರ್ ನಿಧಾನವಾಗಿ ತಿರುಗಿದ್ರೆ ನಷ್ಟ ಕಡಿಮೆ. ಹಾಗಾಗಿ ರೆಕ್ಕೆಗಳ ಹಿಂದೆ ಎಂಟೂವರೆ ಅಡಿಯ ಎರಡು ಮರದ ಪ್ರೊಪೆಲರ್ ಇಟ್ಟರು. ಎಂಜಿನ್ ಕಡೆ 8 ಹಲ್ಲಿನ ಚಕ್ರ, ಪ್ರೊಪೆಲರ್ ಕಡೆ 23 ಹಲ್ಲಿನದು, ನಡುವೆ ಚೈನ್. ವೇಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳೀತಿತ್ತು.

ಆದ್ರೆ ಎರಡೂ ಒಂದೇ ದಿಕ್ಕಿಗೆ ತಿರುಗಿದ್ರೆ ವಿಮಾನ ಅದರ ವಿರುದ್ಧ ದಿಕ್ಕಿಗೆ ವಾಲೋಕೆ ನೋಡುತ್ತೆ. ಹಾರೋದನ್ನೇ ಇನ್ನೂ ಕಲೀತಿರೋ ಪೈಲಟ್‌ಗೆ ಇದೊಂದು ಹೆಚ್ಚಿನ ಹೊರೆ. ಪರಿಹಾರ? ಒಂದು ಚೈನನ್ನು ತಿರುಚಿ, ಇಂಗ್ಲಿಷಿನ 8ರ ಆಕಾರದಲ್ಲಿ ಹಾಕಿದರು. ಆ ಕಡೆಯ ಪ್ರೊಪೆಲರ್ ಉಲ್ಟಾ ತಿರುಗಿತು, ಎರಡರ ತಿರುಚುಬಲವೂ ಒಂದನ್ನೊಂದು ಹೊಡೆದುಹಾಕ್ತು. ಹಳೇ ಹಿಟ್ಟಿನ ಗಿರಣಿಯಲ್ಲಿ ತಿರುಚಿ ಹಾಕಿದ ಪಟ್ಟಾ ನೋಡಿದವರಿಗೆ ಈ ಉಪಾಯ ಥಟ್ಟನೆ ಅರ್ಥವಾಗುತ್ತೆ. ಚೈನ್ ಹೊಯ್ದಾಡದ ಹಾಗೆ ಅದನ್ನು ಕೊಳವೆಯೊಳಗೆ ಹಾಯಿಸಿದರು.

ಇದು ಸುಲಭಕ್ಕೆ ಒಲಿಯಲಿಲ್ಲ ನೋಡಿ. ಕಿಟ್ಟಿ ಹಾಕ್‌ನಲ್ಲಿ ಎಂಜಿನ್ ಜರ್ಕ್ ಹೊಡೆದು ಪ್ರೊಪೆಲರ್ ಶಾಫ್ಟ್‌ಗಳು ಕೆಟ್ಟವು. ರಿಪೇರಿ ಆಗಿ ಬಂದ ಮೇಲೂ ಒಂದರಲ್ಲಿ ಬಿರುಕು ಕಾಣಿಸ್ತು. ಆರ್ವಿಲ್ ತಾನೇ ಡೇಟನ್‌ಗೆ ಹೋಗಿ ಗಟ್ಟಿ ಸ್ಪ್ರಿಂಗ್ ಸ್ಟೀಲಿನ ಶಾಫ್ಟ್ ಮಾಡಿಸಿ ತಂದ. ಸಡಿಲವಾಗ್ತಿದ್ದ ಹಲ್ಲಿನ ಚಕ್ರಗಳನ್ನು ಬಿಗಿ ಮಾಡಿದ್ದು ಸೈಕಲ್ ಟೈರಿಗೆ ಬಳಸೋ ಅಂಟು! ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡ್, ಅದೇ ದಿನದ ನಾಲ್ಕನೆಯದು 59 ಸೆಕೆಂಡ್.

ಆದ್ರೆ ಎರಡು ಪ್ರೊಪೆಲರ್‌ನ ಸಮತೋಲ ಎರಡೂ ಸರಿಯಾಗಿದ್ದಾಗ ಮಾತ್ರ. 1908ರ ಸೆಪ್ಟೆಂಬರ್ 17, ಫೋರ್ಟ್ ಮೈಯರ್. ಸೈನ್ಯದ ಮುಂದೆ ಪ್ರದರ್ಶನ. ಆರ್ವಿಲ್ ಪಕ್ಕದಲ್ಲಿ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಡ್ಜ್. ಒಂದು ಬ್ಲೇಡ್ ಸೀಳಿತು, ಆ ಕಡೆಯ ಒತ್ತು ಕುಸಿಯಿತು, ಜೋರು ಕಂಪನ. ಬ್ಲೇಡ್ ಬಾಲದ ತಂತಿಗೆ ತಗುಲಿ ವಿಮಾನ ನೆಲಕ್ಕಪ್ಪಳಿಸಿತು. ಆರ್ವಿಲ್ ತೊಡೆ ಮುರಿದುಕೊಂಡು ಬದುಕಿದ. ಸೆಲ್ಫ್ರಿಡ್ಜ್ ಎಂಜಿನ್ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ವ್ಯಕ್ತಿಯಾದ.

ಮುಂದೆ ಬಹುತೇಕರು ಎಂಜಿನ್ನಿಗೆ ನೇರವಾಗಿ ಒಂದೇ ಪ್ರೊಪೆಲರ್ ಜೋಡಿಸಿ, ವಾಲೋದನ್ನು ಪೈಲಟ್ ಕೈಗೇ ಬಿಟ್ಟರು. ಆದ್ರೆ ಎಂಜಿನ್ 2,000 ಅಶ್ವಶಕ್ತಿ ದಾಟಿದಾಗ ಹಳೇ ಸಮಸ್ಯೆ ಮತ್ತೆ ಎದ್ದು ನಿಂತಿತು. ಬ್ರಿಟಿಷರ ಸೀಫೈರ್ 47ರ ಮೂತಿಯಲ್ಲಿ ಒಂದರ ಹಿಂದೊಂದು, ವಿರುದ್ಧ ದಿಕ್ಕಿಗೆ ತಿರುಗೋ ಎರಡು ಪ್ರೊಪೆಲರ್. ಎಂಜಿನ್ ಮಾತ್ರ ಒಂದೇ. ಚೈನ್ ಇದ್ದ ಜಾಗದಲ್ಲಿ ಈಗ ಗೇರ್. ಸೈಕಲ್ ಅಂಗಡಿಯವರ ಲೆಕ್ಕ ತಪ್ಪಿರಲಿಲ್ಲ, ಅಲ್ವಾ? ಆ ಲೆಕ್ಕವನ್ನು ತಡೆದುಕೊಳ್ಳೋ ಮರ, ತಂತಿ ಆಗ ಇರಲಿಲ್ಲ, ಅಷ್ಟೇ.

ಮುಂದಿನ ಮಾತಿನಲ್ಲಿ ಸಿಗೋಣ.