ವೈಫೈ ಪಾಸ್‌ವರ್ಡ್ ಬದಲಿಸಿದರೆ ಸಾಕೇ? ನಿಮ್ಮ ರೂಟರ್‌ಗೆ ಇನ್ನೊಂದು ಬೀಗವೂ ಇದೆ

“ರಾತ್ರಿ ಮಲಗುವ ಮುಂಚೆ ರೂಟರ್ ಆಫ್ ಮಾಡಿ, ಇಲ್ಲದಿದ್ದರೆ ಹ್ಯಾಕರ್‌ಗಳು ನಿಮ್ಮ ಖಾತೆ ಖಾಲಿ ಮಾಡುತ್ತಾರೆ. ವೈಫೈ ಹೆಸರು ಮುಚ್ಚಿಡಿ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ. ತಪ್ಪದೆ ಎಲ್ಲ ಗ್ರೂಪ್‌ಗಳಿಗೂ ಕಳಿಸಿ.”

ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಕಡೆಯ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಇರುವವರಿಗೆ ಈ ಧಾಟಿಯ ಸಂದೇಶ ಹೊಸದಲ್ಲ. ಇದರಲ್ಲಿ ಅರ್ಧ ಸತ್ಯವಿದೆ, ಅರ್ಧ ಭಯವಿದೆ. ಆದರೆ ನಿಜಕ್ಕೂ ಮಾಡಬೇಕಾದ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ಆ ಕೆಲಸಕ್ಕೆ ಹತ್ತು ನಿಮಿಷ ಸಾಕು, ದುಡ್ಡು ಖರ್ಚಿಲ್ಲ. ಅದೇನೆಂದು ನೋಡೋಣ.

ಒಂದೇ ಡಬ್ಬಿ, ಎರಡು ಪಾಸ್‌ವರ್ಡ್

ನಿಮ್ಮ ರೂಟರ್ ಅನ್ನು ತಿರುಗಿಸಿ ಹಿಂಬದಿಯ ಚೀಟಿ ನೋಡಿ. ಅದರಲ್ಲಿ ಸಾಮಾನ್ಯವಾಗಿ ಎರಡು ಪಾಸ್‌ವರ್ಡ್‌ಗಳಿರುತ್ತವೆ.

ಮೊದಲನೆಯದು ವೈಫೈ ಪಾಸ್‌ವರ್ಡ್. ಮನೆಗೆ ಬಂದ ನೆಂಟರು ಕೇಳುವುದು ಇದನ್ನೇ. ಎರಡನೆಯದು ಅಡ್ಮಿನ್ ಪಾಸ್‌ವರ್ಡ್. ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆಯಲು ಇದು ಬೇಕು. ಮೊದಲನೆಯದು ಗೇಟಿನ ಬೀಗವಾದರೆ, ಎರಡನೆಯದು ಒಳಗಿನ ಬೀರುವಿನ ಬೀಗ.

ಕನೆಕ್ಷನ್ ಕೊಡಲು ಬಂದ ಹುಡುಗ ವೈಫೈಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಹಾಕಿಕೊಟ್ಟು ಹೋಗುತ್ತಾನೆ. ಬೀರುವಿನ ಬೀಗ ಹಲವು ಮನೆಗಳಲ್ಲಿ ಕಂಪನಿ ಕೊಟ್ಟ ಹಾಗೆಯೇ ಉಳಿಯುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಯೂಸರ್‌ನೇಮ್ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಇದು ಗುಟ್ಟೇನಲ್ಲ. ಯಾವ ಮಾಡೆಲ್‌ಗೆ ಯಾವ ಪಾಸ್‌ವರ್ಡ್ ಎನ್ನುವ ಪಟ್ಟಿಗಳೇ ಇಂಟರ್ನೆಟ್‌ನಲ್ಲಿ ಸಿಗುತ್ತವೆ.

2017ರ ಜುಲೈನಲ್ಲಿ ಏನಾಯಿತು?

ಇದು ಕರ್ನಾಟಕದಲ್ಲೇ ನಡೆದದ್ದು. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ದೊಡ್ಡ ಸಂಖ್ಯೆಯಲ್ಲಿ ಕೈಕೊಟ್ಟವು. ಕಾರಣ ಒಂದು ಮಾಲ್‌ವೇರ್, ಅಂದರೆ ಕುತಂತ್ರಾಂಶ. ಸುಮಾರು 60 ಸಾವಿರ ಮೋಡೆಮ್‌ಗಳು ಸ್ಥಗಿತಗೊಂಡಿವೆ ಎಂದು ಆಗ ವರದಿಯಾಗಿತ್ತು. ಪೆಟ್ಟು ತಿಂದದ್ದು ‘ಅಡ್ಮಿನ್’ ಎಂಬ ಡೀಫಾಲ್ಟ್ ಪಾಸ್‌ವರ್ಡ್ ಬದಲಿಸದೇ ಬಿಟ್ಟಿದ್ದ ಮೋಡೆಮ್‌ಗಳು. ಕೂಡಲೇ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ತನ್ನ ಗ್ರಾಹಕರಿಗೆ ಸೂಚನೆ ಕೊಟ್ಟಿತು.

ಅದಕ್ಕೂ ಒಂದು ವರ್ಷ ಮುಂಚೆ, 2016ರಲ್ಲಿ, ‘ಮಿರಾಯ್’ ಎಂಬ ಮಾಲ್‌ವೇರ್ ಲೋಕವನ್ನೇ ಸುತ್ತಿತ್ತು. ಅದರ ಕೈಯಲ್ಲಿದ್ದ ಆಯುಧ ಸುಮಾರು 60 ಡೀಫಾಲ್ಟ್ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಅದನ್ನೇ ಒಂದೊಂದಾಗಿ ಪ್ರಯೋಗಿಸಿ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು.

ಫಾರ್ವರ್ಡ್‌ನ ಮೊದಲ ಸಲಹೆಗೆ ಉತ್ತರ ಇಲ್ಲೇ ಇದೆ. ಮಿರಾಯ್ ಇರುವ ಸಾಧನವನ್ನು ಆಫ್ ಮಾಡಿ ಆನ್ ಮಾಡಿದರೆ ಅದು ಅಳಿಸಿಹೋಗುತ್ತಿತ್ತು, ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಒಳಗೆ ಬರುತ್ತಿತ್ತು. ರಾತ್ರಿ ರೂಟರ್ ಆಫ್ ಮಾಡಿ, ಬೆಳಗ್ಗೆ ಅದೇ ‘ಅಡ್ಮಿನ್’ ಪಾಸ್‌ವರ್ಡ್‌ನಲ್ಲಿ ಆನ್ ಮಾಡಿದರೆ ಪ್ರಯೋಜನವಿಲ್ಲ.

ಒಳಗೆ ಬಂದವರು ಮಾಡುವುದೇನು?

ನಾವು ಬ್ಯಾಂಕ್ ವೆಬ್‌ಸೈಟಿನ ಹೆಸರು ಟೈಪ್ ಮಾಡಿದಾಗ, ಆ ಹೆಸರಿಗೆ ಸೇರಿದ ಕಂಪ್ಯೂಟರಿನ ನಂಬರ್ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಇದು ಇಂಟರ್ನೆಟ್ಟಿನ ಟೆಲಿಫೋನ್ ಡೈರೆಕ್ಟರಿ ಇದ್ದಹಾಗೆ. ಯಾವ ಡೈರೆಕ್ಟರಿ ನೋಡಬೇಕು ಎಂದು ಸಾಮಾನ್ಯವಾಗಿ ಹೇಳುವುದು ರೂಟರ್. ಸೆಟ್ಟಿಂಗ್ಸ್ ಪುಟಕ್ಕೆ ನುಗ್ಗಿದವರು ಅಲ್ಲಿ ತಮ್ಮದೇ ನಕಲಿ ಡೈರೆಕ್ಟರಿ ಇಟ್ಟರೆ, ನೀವು ಹೆಸರು ಸರಿಯಾಗಿ ಟೈಪ್ ಮಾಡಿದರೂ ತಲುಪುವುದು ನಕಲಿ ಪುಟಕ್ಕೆ. ಅದೂ ಒಂದು ಫೋನಿನಲ್ಲಲ್ಲ, ಆ ವೈಫೈ ಬಳಸುವ ಮನೆಮಂದಿಯ ಎಲ್ಲ ಫೋನುಗಳಲ್ಲಿ.

ಹೀಗೆ ಮಾಡುವ ಆ್ಯಂಡ್ರಾಯ್ಡ್ ಮಾಲ್‌ವೇರ್ ಒಂದನ್ನು 2016ರ ಡಿಸೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಗುರುತಿಸಿತ್ತು. ಅದರ ಹೆಸರು ‘ಸ್ವಿಚರ್’. ನಕಲಿ ಆ್ಯಪ್ ರೂಪದಲ್ಲಿ ಫೋನ್ ಸೇರಿ, ಆ ಫೋನ್ ಬಳಸುವ ವೈಫೈನ ರೂಟರ್ ಮೇಲೆ ಡೀಫಾಲ್ಟ್ ಪಾಸ್‌ವರ್ಡ್‌ಗಳನ್ನು ಪ್ರಯೋಗಿಸುತ್ತಿತ್ತು. ಅಂದರೆ ಹ್ಯಾಕರ್ ನಿಮ್ಮ ಮನೆ ಹತ್ತಿರ ಬರಬೇಕಾಗಿಲ್ಲ. ವೈಫೈ ಪಾಸ್‌ವರ್ಡ್ ಪಡೆದ ನೆಂಟರ ಫೋನಿನಲ್ಲಿ ಇಂಥ ಒಂದು ಆ್ಯಪ್ ಇದ್ದರೆ ಸಾಕು.

ಸಮಾಧಾನದ ವಿಷಯವೆಂದರೆ, ನಕಲಿ ಪುಟ ತೆರೆದಾಗ ಬ್ರೌಸರ್ ಸಾಮಾನ್ಯವಾಗಿ ಎಚ್ಚರಿಕೆ ತೋರಿಸುತ್ತದೆ. ಬ್ಯಾಂಕ್ ಪುಟದಲ್ಲಿ ‘ಸುರಕ್ಷಿತವಲ್ಲ’ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಒತ್ತಬೇಡಿ.

ಗೇಟಿನ ಬೀಗಕ್ಕೂ ಬೆಲೆಯಿದೆ

ಹಾಗೆಂದು ವೈಫೈ ಪಾಸ್‌ವರ್ಡನ್ನು ಹಗುರವಾಗಿ ಕಾಣುವಂತಿಲ್ಲ. 2008ರ ಜುಲೈ 26ರಂದು ಅಹಮದಾಬಾದ್ ಸರಣಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಬಂತು. ಅದರ ಜಾಡು ಹಿಡಿದ ತನಿಖೆ ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಆ ಮನೆಯ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ನಿಮ್ಮ ಕನೆಕ್ಷನ್‌ನಿಂದ ಯಾರು ಏನು ಕಳಿಸಿದರೂ ಮೊದಲು ಕಾಣುವುದು ನಿಮ್ಮ ವಿಳಾಸ.

ಹೀಗೆ ಮಾಡಿ

1. ಫೋನನ್ನು ಮನೆಯ ವೈಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ.

2. ರೂಟರ್ ವಿಳಾಸ ಚೀಟಿಯ ಮೇಲೇ ಇರುತ್ತದೆ. ಹೆಚ್ಚಿನವುಗಳಲ್ಲಿ 192.168.1.1 ಅಥವಾ 192.168.0.1, ಜಿಯೋಫೈಬರ್‌ನಲ್ಲಿ 192.168.29.1. ಚೀಟಿ ಹರಿದಿದ್ದರೆ ಫೋನಿನ ವೈಫೈ ವಿವರಗಳಲ್ಲಿ ‘ಗೇಟ್‌ವೇ’ (ಐಫೋನ್‌ನಲ್ಲಿ ‘ರೂಟರ್’) ಎಂದಿರುವ ಕಡೆ ನೋಡಿ.

3. ಆ ಅಂಕಿಗಳನ್ನು ಬ್ರೌಸರ್‌ನ ವಿಳಾಸದ ಜಾಗದಲ್ಲಿ ನೇರವಾಗಿ ಟೈಪ್ ಮಾಡಿ. ಈ ಪುಟದಲ್ಲಿ ಮಾತ್ರ ‘ಸುರಕ್ಷಿತವಲ್ಲ’ ಎಂದು ಬಂದರೆ ಗಾಬರಿ ಬೇಡ. ಅದು ನಿಮ್ಮ ಮನೆಯೊಳಗಿನ ಪುಟ.

4. ಚೀಟಿಯಲ್ಲಿರುವ ಅಡ್ಮಿನ್ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ಅದನ್ನು ಮೊದಲು ಬದಲಿಸಿ. ವೈಫೈ ಪಾಸ್‌ವರ್ಡನ್ನೇ ಇಲ್ಲೂ ಹಾಕಬೇಡಿ. ಹೊಸದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ.

5. ವೈಫೈ ಸೆಕ್ಯುರಿಟಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ. ಡಬ್ಲ್ಯೂಇಪಿ ಎಂದಿದ್ದರೆ ಬದಲಿಸಿ, ಅದನ್ನು ಮುರಿಯಲು ನಿಮಿಷಗಳು ಸಾಕು. ಪಾಸ್‌ವರ್ಡ್ ಉದ್ದವಿರಲಿ, ಮೊಬೈಲ್ ನಂಬರ್ ಬೇಡ.

6. ‘ರಿಮೋಟ್ ಮ್ಯಾನೇಜ್‌ಮೆಂಟ್’ ಮತ್ತು ‘ಡಬ್ಲ್ಯೂಪಿಎಸ್’ ಆನ್ ಇದ್ದರೆ ಆಫ್ ಮಾಡಿ.

7. ಡಿಎನ್‌ಎಸ್ ‘ಆಟೊಮ್ಯಾಟಿಕ್’ ಇದೆಯೇ ನೋಡಿ. ನೀವು ಹಾಕದ ನಂಬರ್ ಅಲ್ಲಿದ್ದರೆ ಫೋಟೊ ತೆಗೆದು ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ.

8. ‘ಫರ್ಮ್‌ವೇರ್ ಅಪ್‌ಡೇಟ್’ ಬಂದಿದ್ದರೆ ಹಾಕಿಕೊಳ್ಳಿ. ನಡುವೆ ಕರೆಂಟ್ ಹೋಗದಂತೆ ನೋಡಿಕೊಳ್ಳಿ.

9. ‘ಗೆಸ್ಟ್ ನೆಟ್‌ವರ್ಕ್’ ಸೌಲಭ್ಯವಿದ್ದರೆ ನೆಂಟರಿಗೆ, ಬಾಡಿಗೆಯವರಿಗೆ, ಸಿಸಿಟಿವಿ ಕ್ಯಾಮೆರಾಗಳಿಗೆ ಅದನ್ನೇ ಕೊಡಿ.

ಒಂದು ಎಚ್ಚರಿಕೆ: ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಪಾಸ್‌ವರ್ಡ್ ಜೊತೆಗೆ ಕನೆಕ್ಷನ್ ಸೆಟ್ಟಿಂಗ್‌ಗಳೂ ಅಳಿಸಿಹೋಗಬಹುದು. ಫೈಬರ್ ಕನೆಕ್ಷನ್ ಇರುವವರು ಕಂಪನಿಯವರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಕಂಪನಿಯೇ ಅಡ್ಮಿನ್ ಪುಟಕ್ಕೆ ಬೀಗ ಹಾಕಿದ್ದರೆ, ಪಾಸ್‌ವರ್ಡ್ ಬದಲಿಸಿಕೊಡಿ ಎಂದು ಕೇಳುವುದು ಗ್ರಾಹಕರಾದ ನಿಮ್ಮ ಹಕ್ಕು.

ಫಾರ್ವರ್ಡ್‌ನ ಉಳಿದ ಮಾತುಗಳು

ವೈಫೈ ಹೆಸರು ಮುಚ್ಚಿಟ್ಟರೆ ಸುರಕ್ಷಿತವೇ? ಇಲ್ಲ. ಉಚಿತ ಆ್ಯಪ್‌ಗಳೂ ಮುಚ್ಚಿಟ್ಟ ನೆಟ್‌ವರ್ಕ್ ಇರುವುದನ್ನು ತೋರಿಸುತ್ತವೆ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೇ? ಒಂದು ಗಟ್ಟಿ ಪಾಸ್‌ವರ್ಡ್ ಇದ್ದರೆ ಬೇಕಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡಿದಾಗ ಅಥವಾ ಸಿಕ್ಕಸಿಕ್ಕವರಿಗೆ ಗೊತ್ತಾಗಿದೆ ಎನಿಸಿದಾಗ ಬದಲಿಸಿ.

ರಾತ್ರಿ ಆಫ್ ಮಾಡಿದರೆ ರೇಡಿಯೇಷನ್ ತಪ್ಪುತ್ತದೆಯೇ? ರೂಟರ್ ಹೊಮ್ಮಿಸುವುದು ಕಡಿಮೆ ಶಕ್ತಿಯ ರೇಡಿಯೋ ತರಂಗ. ಎಕ್ಸ್‌ರೇಯಂತೆ ಡಿಎನ್‌ಎಯನ್ನು ಮುರಿಯುವ ಶಕ್ತಿ ಇದಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದನ್ನೇ ಫಾರ್ವರ್ಡ್‌ಗಳು ಎಳೆದು ತರುತ್ತವೆ. ಅದು ಸಾಕ್ಷ್ಯ ಸೀಮಿತವಾಗಿರುವ, ‘ಸಾಧ್ಯತೆ’ಯನ್ನಷ್ಟೇ ಹೇಳುವ ಗುಂಪು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಗುಂಪಿನಲ್ಲಿದೆ.

ಆದರೂ ರಾತ್ರಿ ಆಫ್ ಮಾಡುವ ಅಭ್ಯಾಸವಿದ್ದರೆ ಬಿಡಬೇಕಿಲ್ಲ. 10 ವ್ಯಾಟ್‌ನ ರೂಟರ್ ದಿನಕ್ಕೆ 8 ಗಂಟೆ ಆಫ್ ಆಗಿದ್ದರೆ ತಿಂಗಳಿಗೆ 2.4 ಯೂನಿಟ್ ಕರೆಂಟ್ ಉಳಿಯುತ್ತದೆ. ಲಾಭ ಅಷ್ಟೇ.

ಮುಂದಿನ ಸಲ ಆ ಸಂದೇಶ ಗ್ರೂಪಿಗೆ ಬಂದಾಗ ಒಂದು ಪ್ರಶ್ನೆ ಹಾಕಿ: “ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದೀರಾ?” ಇಲ್ಲ ಎನ್ನುವ ಹಿರಿಯರು ಪಕ್ಕದ ಮನೆಯಲ್ಲಿದ್ದರೆ, ಇನ್ನೊಂದು ಫಾರ್ವರ್ಡ್ ಕಳಿಸುವ ಬದಲು ಹೋಗಿ ಹತ್ತು ನಿಮಿಷ ಕೂತು ಬದಲಿಸಿಕೊಟ್ಟು ಬನ್ನಿ.