ಮೈಸೂರಿನ ಮಾಯಾಚಿತ್ರಗಳು: ಮಹಾತ್ಮ ಪಿಕ್ಚರ್ಸ್ ಮತ್ತು ವಿಠಲಾಚಾರ್ಯರ ಭೂತಲೋಕ

ಕನ್ನಡ ಚಿತ್ರರಂಗದ ಚರಿತ್ರೆ ಬರೆದವರು ಪೌರಾಣಿಕ ಮತ್ತು ಸಾಮಾಜಿಕ ಚಿತ್ರಗಳಿಗೆ ಕೊಟ್ಟಷ್ಟು ಜಾಗವನ್ನು ಮಾಯಾಮಂತ್ರದ ಚಿತ್ರಗಳಿಗೆ ಕೊಟ್ಟಿಲ್ಲ. ಗುಹೆಯಲ್ಲಿ ಕುಳಿತ ಮಂತ್ರವಾದಿ, ಅವನ ಅಪ್ಪಣೆಗೆ ಕಾದು ನಿಂತ ಭೂತ, ರಾಜಕುಮಾರನಿಗೆ ಮರುಳಾಗುವ ನಾಗಕನ್ನಿಕೆ, ಮೋಹಿನಿ ಇವೆಲ್ಲ ಹಳ್ಳಿಯ ಟೂರಿಂಗ್ ಟಾಕೀಸಿನ ಜನರನ್ನು ರಂಜಿಸುವ ಅಗ್ಗದ ಸರಕು ಎಂಬ ತಾತ್ಸಾರ ಬಹುಕಾಲ ಉಳಿಯಿತು. ಆದರೆ ಕನ್ನಡದ ಮೊದಲ ದೊಡ್ಡ ಗಲ್ಲಾಪೆಟ್ಟಿಗೆಯ ಯಶಸ್ಸುಗಳಲ್ಲೊಂದು ಬಂದದ್ದು ಈ ಸರಕಿನಿಂದಲೇ. ಅದನ್ನು ತಯಾರಿಸಿದ ಸಂಸ್ಥೆ ಮೈಸೂರಿನ ಮಹಾತ್ಮ ಪಿಕ್ಚರ್ಸ್.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕನ್ನಡ ಚಿತ್ರಗಳು ಬಂದದ್ದೇ ಬೆರಳೆಣಿಕೆಯಷ್ಟು, ಅವುಗಳಲ್ಲೂ ಹೆಚ್ಚಿನವು ಮದರಾಸು, ಕೊಯಮತ್ತೂರು, ಸೇಲಂಗಳ ಸ್ಟುಡಿಯೋಗಳಲ್ಲಿ ತಯಾರಾದವು. ಇಂಥ ಹೊತ್ತಿನಲ್ಲಿ ಮೈಸೂರನ್ನೇ ನೆಲೆ ಮಾಡಿಕೊಂಡು ಒಂದರ ಹಿಂದೊಂದು ಚಿತ್ರ ತಯಾರಿಸಲು ಹೊರಟವರು ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ. ವಿಠಲಾಚಾರ್ಯ 1920ರಲ್ಲಿ ಉಡುಪಿ ಸಮೀಪದ ಉದ್ಯಾವರದಲ್ಲಿ ಹುಟ್ಟಿದವರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿದರು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು, ಹೊರಬಂದ ಮೇಲೆ ಗೆಳೆಯರೊಂದಿಗೆ ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸು ನಡೆಸಿದರು. ಚಿತ್ರ ತಯಾರಿಕೆಗೆ ಇಳಿಯುವ ಮೊದಲೇ ನೆಲದ ಮೇಲೆ ಕೂತು ನೋಡುವ ಪ್ರೇಕ್ಷಕ ಯಾವ ದೃಶ್ಯಕ್ಕೆ ಶಿಳ್ಳೆ ಹೊಡೆಯುತ್ತಾನೆ, ಯಾವ ದೃಶ್ಯಕ್ಕೆ ಬೀಡಿ ಸೇದಲು ಎದ್ದುಹೋಗುತ್ತಾನೆ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ಇದರಿಂದ ಸಿಕ್ಕಿತು. ಅವರ ಮುಂದಿನ ಚಿತ್ರಗಳನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಯಾವ ಚಲನಚಿತ್ರ ಸಿದ್ಧಾಂತಕ್ಕಿಂತ ಹೆಚ್ಚು ಉಪಯುಕ್ತ.

ಸಂಸ್ಥೆಯ ಮೊದಲ ಚಿತ್ರ ‘ಕೃಷ್ಣಲೀಲಾ’ (1947) ಪೌರಾಣಿಕ. ನಟಿ ಪ್ರತಿಮಾದೇವಿ ತೆರೆಗೆ ಬಂದದ್ದು ಇದರಲ್ಲೇ. ಅವರು ಮುಂದೆ ಶಂಕರ್ ಸಿಂಗ್ ಅವರನ್ನು ಮದುವೆಯಾದರು. ದಾರಿ ಬದಲಾದದ್ದು 1949ರ ‘ನಾಗಕನ್ನಿಕಾ’ದಿಂದ. ಜಿ. ವಿಶ್ವನಾಥ್ ನಿರ್ದೇಶಿಸಿದ ಈ ಚಿತ್ರ ಪುರಾಣವನ್ನು ಬಿಟ್ಟು ಜನಪದ ಕಲ್ಪನೆಯ ಲೋಕಕ್ಕೆ ಹೊಕ್ಕಿತು. ಅದೇ ವರ್ಷ ‘ಚಂದಮಾಮ’ ಮಾಸಪತ್ರಿಕೆ ಕನ್ನಡದಲ್ಲೂ ಹೊರಡತೊಡಗಿತ್ತು. ಬೇತಾಳ, ರಾಕ್ಷಸ, ಮಂತ್ರದಂಡಗಳ ಕಥೆಗಳಿಗೆ ಎಳೆಯ ಓದುಗರ ದೊಡ್ಡ ವರ್ಗವೊಂದು ಆಗ ಸಿದ್ಧವಾಗುತ್ತಿತ್ತು.

1951ರ ‘ಜಗನ್ಮೋಹಿನಿ’ಯನ್ನು ಶಂಕರ್ ಸಿಂಗ್ ಅವರೇ ನಿರ್ದೇಶಿಸಿದರು. ಪ್ರತಿಮಾದೇವಿಯವರ ಜೊತೆಗೆ, ಆಗಿನ್ನೂ ಎಳೆಯ ವಯಸ್ಸಿನ ಹರಿಣಿ ಇದರಲ್ಲಿ ನಟಿಸಿದರು. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಇದನ್ನು ಗುರುತಿಸಲಾಗುತ್ತದೆ. ಆ ದಾಖಲೆ ಆದದ್ದು ಬೆಂಗಳೂರು ಮೈಸೂರುಗಳಲ್ಲಲ್ಲ, ದಾವಣಗೆರೆಯಲ್ಲಿ. ಹರಿಣಿಯವರ ಉಡುಪು ಆ ಕಾಲಕ್ಕೆ ಸಾಕಷ್ಟು ಟೀಕೆಗೆ ಗುರಿಯಾಯಿತು. ಟೀಕೆಯೇ ಪ್ರಚಾರವೂ ಆಗಿರಬಹುದು. ಆದರೆ ಹತ್ತಿಯ ಮಿಲ್ಲುಗಳ, ಮಂಡಿ ವ್ಯಾಪಾರದ ಒಂದು ಊರು ಮಾಯಾಚಿತ್ರವನ್ನು ನೂರು ದಿನ ಓಡಿಸಿತೆಂದರೆ, ಕನ್ನಡ ಚಿತ್ರದ ಮಾರುಕಟ್ಟೆ ಎಲ್ಲಿದೆ ಎಂಬುದು ತಯಾರಕರಿಗೆ ಆಗಲೇ ತಿಳಿದುಹೋಯಿತು.

ಈ ಚಿತ್ರಗಳ ಅತಿಮಾನುಷ ಪಾತ್ರಗಳು ಹಲವು ಕಡೆಗಳಿಂದ ಬಂದವು. ಬೇತಾಳ ಕಥೆಗಳು, ಬತ್ತೀಸ ಪುತ್ಥಳಿಯ ಕಥೆಗಳು ಕನ್ನಡಿಗರಿಗೆ ಮೊದಲೇ ಪರಿಚಿತ. ಅರೇಬಿಯನ್ ನೈಟ್ಸ್ ಮಾದರಿಯ ಪರಿಗಳು, ಜೀನಿಗಳು ಪಾರ್ಸಿ ರಂಗಭೂಮಿಯ ಮೂಲಕ ಕಂಪನಿ ನಾಟಕಗಳಿಗೆ ಇಳಿದಿದ್ದವು. ಹಿಂದಿಯಲ್ಲಿ ವಾಡಿಯಾ ಸೋದರರ ಚಿತ್ರಗಳು, ತೆಲುಗಿನಲ್ಲಿ 1951ರದೇ ಆದ ‘ಪಾತಾಳ ಭೈರವಿ’ ಇದೇ ದಾರಿಯಲ್ಲಿದ್ದವು. ವಿಠಲಾಚಾರ್ಯರು ತುಳುನಾಡಿನವರಾದ್ದರಿಂದ ಅವರ ತೆರೆಯ ಭೂತಗಳನ್ನು ಅಲ್ಲಿನ ಭೂತಾರಾಧನೆಗೆ ಗಂಟು ಹಾಕುವ ಆಸೆ ಯಾರಿಗಾದರೂ ಆದೀತು. ಅದು ಸರಿಯಲ್ಲ. ತುಳುನಾಡಿನ ಭೂತ ನ್ಯಾಯ ತೀರ್ಮಾನಿಸುವ, ಮನೆತನವನ್ನೂ ಊರನ್ನೂ ಕಾಯುವ ದೈವ. ತೆರೆಯ ಭೂತವಾದರೋ ಯಾರು ಕಟ್ಟಿಹಾಕಿದರೆ ಅವರ ಆಳು.

ಪಾಶ್ಚಾತ್ಯ ದುಷ್ಟ ಜೀನಿ ಚಿತ್ರಗಳಿಗೂ ಈ ಪರಂಪರೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ತಯಾರಾದ ಅಲ್ಪ ಬಂಡವಾಳದ ‘ದಿ ಔಟಿಂಗ್’ (1987) ಚಿತ್ರದಲ್ಲಿ ಹಳೆಯ ದೀಪದಿಂದ ಹೊರಬಿದ್ದ ಜಿನ್, ವಸ್ತುಸಂಗ್ರಹಾಲಯದಲ್ಲಿ ರಾತ್ರಿ ಕಳೆಯಲು ಬಂದ ಹದಿಹರೆಯದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ. ಹತ್ತು ವರ್ಷದ ನಂತರ ಬಂದ ‘ವಿಶ್‌ಮಾಸ್ಟರ್’ನ ಜಿನ್ ವರ ಕೊಟ್ಟೇ ಮನುಷ್ಯರನ್ನು ನಾಶ ಮಾಡುತ್ತದೆ. ಎರಡರಲ್ಲೂ ಕೇಡು ಇರುವುದು ಜೀನಿಯ ಸ್ವಭಾವದಲ್ಲಿ. ದಕ್ಷಿಣ ಭಾರತದ ಮಾಯಾಚಿತ್ರದಲ್ಲಿ ಸಾಮಾನ್ಯವಾಗಿ ಕೇಡಿನ ಮೂಲ ಮಂತ್ರವಾದಿ. ಅಮರತ್ವಕ್ಕೋ ಸಿಂಹಾಸನಕ್ಕೋ ಬಲಿ ಹುಡುಕುವ ಮನುಷ್ಯ ಅವನು. ಅವನು ಸತ್ತರೆ ಭೂತಕ್ಕೂ ಬಿಡುಗಡೆ. ಕೇರಳದ ‘ಮೈ ಡಿಯರ್ ಕುಟ್ಟಿಚಾತ್ತನ್’ (1984) ಭಾರತದ ಮೊದಲ ತ್ರೀಡಿ ಚಿತ್ರವೆಂದು ಹೆಸರಾಯಿತು. ಅದರ ಕಥೆ ಇದೇ ಜಾಡಿನದು: ಮಂತ್ರವಾದಿಯ ಸೆರೆಯಲ್ಲಿರುವ ಚಾತ್ತನನ್ನು ಮಕ್ಕಳು ಬಿಡಿಸುತ್ತಾರೆ.

ವಿಠಲಾಚಾರ್ಯರು 1950ರ ದಶಕದಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ತಮ್ಮ ಕನ್ನಡ ಚಿತ್ರ ‘ಕನ್ಯಾದಾನ’ವನ್ನು 1955ರಲ್ಲಿ ತೆಲುಗಿನಲ್ಲಿ ಮತ್ತೆ ತೆಗೆದು, ಕ್ರಮೇಣ ಮದರಾಸಿನಲ್ಲಿ ನೆಲೆಸಿದರು. 1963ರಲ್ಲಿ ರಾಜ್‌ಕುಮಾರ್, ಲೀಲಾವತಿ ನಟಿಸಿದ ‘ವೀರಕೇಸರಿ’ಯನ್ನೂ ಅದರ ತೆಲುಗು ರೂಪ ‘ಬಂದಿಪೋಟು’ವನ್ನೂ ಅವರೇ ನಿರ್ದೇಶಿಸಿದರು. ಆಮೇಲಿನ ಅವರ ಕೆಲಸ ಬಹುಪಾಲು ತೆಲುಗಿನದು: ‘ಅಗ್ಗಿಪಿಡುಗು’ (1964), ‘ಲಕ್ಷ್ಮೀಕಟಾಕ್ಷಂ’ (1970), ‘ಆಲಿಬಾಬಾ 40 ದೊಂಗಲು’ (1970). ಎನ್.ಟಿ. ರಾಮರಾವ್, ಕಾಂತಾರಾವ್ ಅವರ ಕತ್ತಿವರಸೆಗಳ ಜೊತೆಗೆ ಭೂತಗಳ ಕುಣಿತವೂ ತೆಲುಗು ಪ್ರೇಕ್ಷಕರಿಗೆ ಅಚ್ಚುಮೆಚ್ಚಾಯಿತು. ‘ಜಾನಪದ ಬ್ರಹ್ಮ’ ಎಂಬ ಬಿರುದನ್ನು ಅವರಿಗೆ ಕೊಟ್ಟವರು ತೆಲುಗರು.

ಅವರ ಹೆಸರು ಗಾದೆಯಂತಾದದ್ದು ಮಿತವ್ಯಯದಿಂದ. ಒಂದೇ ಅರಮನೆಯ ಸೆಟ್ಟು, ಒಂದೇ ಕಿರೀಟ, ಒಂದೇ ಗುಹೆ ಬಣ್ಣ ಬದಲಿಸಿಕೊಂಡು ಚಿತ್ರದಿಂದ ಚಿತ್ರಕ್ಕೆ ಸಾಗುತ್ತಿದ್ದವು. ಸಂಭಾವನೆ ಅಥವಾ ಕಾಲ್‌ಶೀಟಿನ ವಿಷಯಕ್ಕೆ ನಟ ತಕರಾರು ತೆಗೆದರೆ, ಮುಂದಿನ ದೃಶ್ಯದಲ್ಲಿ ಋಷಿಯ ಶಾಪದಿಂದ ಅವನ ಪಾತ್ರ ಗಿಳಿಯೋ ಆಡೋ ಆಗಿಬಿಡುತ್ತಿತ್ತು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಿಜವೋ ಕಟ್ಟುಕಥೆಯೋ, ಮಾಯಾಚಿತ್ರದ ಒಂದು ಅನುಕೂಲವನ್ನು ಅದು ಸರಿಯಾಗಿ ಹಿಡಿದಿದೆ. ಸಾಮಾಜಿಕ ಚಿತ್ರದಲ್ಲಿ ನಾಯಕ ಬಾರದಿದ್ದರೆ ಚಿತ್ರೀಕರಣ ನಿಲ್ಲುತ್ತದೆ, ಇಲ್ಲಿ ಕಥೆ ಮುಂದುವರಿಯುತ್ತದೆ.

ತೆರೆಯ ಮೇಲಿನ ಪವಾಡಗಳ ಹಿಂದಿನ ತಂತ್ರವೂ ಇಂಥದೇ ಸರಳ. ಕ್ಯಾಮೆರಾ ನಿಲ್ಲಿಸಿ ನಟನನ್ನು ಪಕ್ಕಕ್ಕೆ ಸರಿಸಿ ಮತ್ತೆ ಓಡಿಸಿದರೆ ಅವನು ಮಾಯ. ಮಸೂರದ ಅರ್ಧ ಭಾಗ ಮುಚ್ಚಿ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಬೇರೆ ಅಳತೆಯಲ್ಲಿ ಚಿತ್ರಿಸಿದರೆ ಬೆಟ್ಟದೆತ್ತರದ ಭೂತ ಅಂಗೈ ಅಗಲದ ರಾಜಕುಮಾರನೊಡನೆ ಮಾತಾಡುತ್ತದೆ. ಹಾರುವುದಕ್ಕೆ ತಂತಿ, ಪ್ರಳಯಕ್ಕೆ ಮಣ್ಣಿನ ಮಾದರಿಗಳು. ತಪ್ಪಾದರೆ ಲ್ಯಾಬಿನಲ್ಲಿ ತೊಳೆದ ಮೇಲಷ್ಟೇ ಗೊತ್ತಾಗುತ್ತಿದ್ದ ಈ ಕೆಲಸಕ್ಕೆ ಹಣಕ್ಕಿಂತ ಛಾಯಾಗ್ರಾಹಕನ ಲೆಕ್ಕಾಚಾರ ಮುಖ್ಯವಾಗಿತ್ತು. 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ಮೋಹಿನಿ ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವ ದೃಶ್ಯ ವಿಠಲಾಚಾರ್ಯರ ಕಲ್ಪನೆಗೆ ಒಳ್ಳೆಯ ಸಾಕ್ಷಿ. ಹೆದರಿಕೆ ಮತ್ತು ನಗು ಒಟ್ಟಿಗೇ ಬರುವ ಆ ದೃಶ್ಯಕ್ಕೆ ಬೇಕಾದದ್ದು ಒಂದು ಒಲೆ, ಒಂದು ಸುಳ್ಳು ಕಾಲು. ಮೈಸೂರಿನ ದಿನಗಳ ಚಿತ್ರದ ಹೆಸರನ್ನೇ ಅವರು ಇಪ್ಪತ್ತೇಳು ವರ್ಷಗಳ ನಂತರ ಮತ್ತೆ ಬಳಸಿದ್ದೂ ಗಮನಾರ್ಹ.

ಮೈಸೂರಿನಲ್ಲಿ ಉಳಿದ ಶಂಕರ್ ಸಿಂಗ್ ಕುಟುಂಬದ ಎರಡನೆಯ ತಲೆಮಾರೂ ಇದೇ ಬಾಗಿಲಿನಿಂದ ಒಳಬಂತು. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ಮೊದಲ ಚಿತ್ರ, ವಿಷ್ಣುವರ್ಧನ್ ನಟಿಸಿದ ‘ನಾಗಕನ್ಯೆ’ (1975). ಆದರೆ ಅಷ್ಟರಲ್ಲಿ ಕನ್ನಡದಲ್ಲಿ ಕಾದಂಬರಿ ಆಧಾರಿತ ಚಿತ್ರಗಳೂ ಹೊಸ ಅಲೆಯೂ ಗೌರವದ ಸ್ಥಾನ ಪಡೆದಿದ್ದವು, ಬಾಬು ಅವರೂ ಬೇರೆ ವಸ್ತುಗಳತ್ತ ಹೊರಳಿದರು. ಮೈಸೂರಿನ ಸ್ಟುಡಿಯೋ ಉದ್ಯಮವೂ ಸೊರಗುತ್ತ ಬಂತು. 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ವಿಠಲಾಚಾರ್ಯ 1999ರಲ್ಲಿ ತೀರಿಕೊಂಡರು. ತೆಲುಗಿನಲ್ಲಿ ಮನೆಮಾತಾದ ಅವರನ್ನು ಕನ್ನಡದ ಚರಿತ್ರೆಕಾರರು ತಮ್ಮವರೆಂದು ಎಣಿಸಲಿಲ್ಲ, ತೆಲುಗಿನವರು ಅವರ ಮೈಸೂರಿನ ವರ್ಷಗಳನ್ನು ಮುನ್ನುಡಿಯಂತೆ ದಾಟಿದರು. ಮಹಾತ್ಮ ಪಿಕ್ಚರ್ಸ್ ಬದಿಗೆ ಸರಿಯಲು ಅದರ ಚಿತ್ರಗಳ ಗುಣದೋಷಕ್ಕಿಂತ ಈ ಎರಡು ಭಾಷೆಗಳ ನಡುವಿನ ಸಂದು ಹೆಚ್ಚು ಕಾರಣ.

ಅಗ್ಗದ ಭಯಚಿತ್ರ ಕನ್ನಡದಲ್ಲಿ ಮತ್ತೆ ದೊಡ್ಡ ಸುದ್ದಿಯಾದದ್ದು 2013ರ ನವೆಂಬರಿನಲ್ಲಿ, ಕೆ.ಎಸ್. ಅಶೋಕ ನಿರ್ದೇಶನದ ‘6-5=2’ ಬಂದಾಗ. ಚಾರಣಕ್ಕೆ ಹೋದ ಯುವಕ ಯುವತಿಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನೆಪದಲ್ಲಿ ಕಟ್ಟಿದ ಆ ಚಿತ್ರದಲ್ಲಿ ಹೆಸರಾಂತ ನಟರಿರಲಿಲ್ಲ, ಅರಮನೆಯ ಸೆಟ್ಟೂ ಇರಲಿಲ್ಲ. ಮಂತ್ರವಾದಿಯ ಜಾಗದಲ್ಲಿ ಕಾಡು ಬಂದಿತ್ತು. ಮರುವರ್ಷವೇ ಅದು ಅದೇ ಹೆಸರಿನಲ್ಲಿ ಹಿಂದಿಗೆ ಹೋಯಿತು.