ಅಚ್ಚುಕಟ್ಟು: ಮನೆಯದೂ ಹೌದು, ಗದ್ದೆಯದೂ ಹೌದು

ಮನೆ ಅಚ್ಚುಕಟ್ಟಾಗಿದ್ದರೆ ನೆಂಟರು ಮೆಚ್ಚುತ್ತಾರೆ. ಬರವಣಿಗೆ, ಮದುವೆಯ ಊಟ, ಉಟ್ಟ ಸೀರೆ ಎಲ್ಲಕ್ಕೂ ಈ ವಿಶೇಷಣ ಸಲ್ಲುತ್ತದೆ. ಆದರೆ ನೀರಾವರಿ ಸೀಮೆಯಲ್ಲಿ 'ಅಚ್ಚುಕಟ್ಟು' ಎಂದರೆ ಕೆರೆ ಅಥವಾ ಕಾಲುವೆಯ ನೀರುಣ್ಣುವ ಜಮೀನು.

ಅಚ್ಚು ಬೆಲ್ಲಕ್ಕೆ ಆಕಾರ ಕೊಡುವಂಥದು. ಕಟ್ಟು ಎಂದರೆ ಬಂಧ, ಕಟ್ಟಳೆ. ಕೆರೆಯ ಕೆಳಗಿನ ಬಯಲಿಗೆ ಈ ಕಟ್ಟಳೆ ಬೇಕೇ ಬೇಕು. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಸರದಿ ತಪ್ಪಿತೋ, ಊರಲ್ಲಿ ಜಗಳ. ಗದ್ದೆಬಯಲಿಗೂ ಓರಣಕ್ಕೂ ಒಂದೇ ಹೆಸರಿರುವುದು ಒಪ್ಪುವಂತೆಯೇ ಇದೆ.

ತೆಲುಗು, ತಮಿಳಿನಲ್ಲಿ ಇಂಥ ಜಮೀನು 'ಆಯಕಟ್ಟು'. ಬ್ರಿಟಿಷ್ ಅಧಿಕಾರಿಗಳ ಇಂಗ್ಲಿಷಿಗೂ ಆ ಪದವೇ ಹೋಯಿತು. ಕನ್ನಡದಲ್ಲಿ ಮಾತ್ರ ಆಯಕಟ್ಟಿನ ಜಾಗವೆಂದರೆ ಸೈನಿಕರ, ಈಗೀಗ ರಾಜಕಾರಣಿಗಳ ಜಾಗ!

1980ರಲ್ಲಿ ರಾಜ್ಯವು ಅಚ್ಚುಕಟ್ಟು ಪ್ರದೇಶಗಳ ಅಭಿವೃದ್ಧಿಗೆಂದೇ ಕಾಯಿದೆ ಮಾಡಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ, ಮಾನ್ವಿ, ಸಿರವಾರದ ಕಡೆ, ದಾಖಲೆಯ ಪ್ರಕಾರ ಜಮೀನು ಅಚ್ಚುಕಟ್ಟೇ. ಮೇಲಿನವರು ಮೊದಲೇ ನೀರೆಳೆದುಕೊಂಡ ವರ್ಷ ಮಾತ್ರ ಕೊನೆಯ ರೈತರು ಬೆಳೆ ಉಳಿಸಿಕೊಳ್ಳಲು ರಸ್ತೆಗಿಳಿಯಬೇಕಾಗುತ್ತದೆ.